ಲಿಸ್ಟ್ ಫೋನಲ್ಲೇ ಉಳೀತು: ಅಮ್ಮನ ಜೊತೆ ಮಡಿಕೇರಿಯಲ್ಲಿ

ಮಡಿಕೇರಿಗೆ ಹೊರಡುವ ಮುಂಚೆ ನನ್ನ ಫೋನಿನಲ್ಲಿ ಹನ್ನೊಂದು ಜಾಗಗಳ ಪಟ್ಟಿ ಇತ್ತು. ಅಬ್ಬಿ ಜಲಪಾತ, ಮಾಂದಲಪಟ್ಟಿ, ದುಬಾರೆ, ತಲಕಾವೇರಿ, ರಾಜಾಸೀಟ್... ಆಫೀಸಿನ ಗ್ರೂಪಿನಲ್ಲಿ ಒಬ್ಬೊಬ್ಬರು ಒಂದೊಂದು ಸೇರಿಸಿದ್ದು. ಇರೋದು ಎರಡು ದಿನ. ಯಾವುದಕ್ಕೆ ಎಷ್ಟು ಗಂಟೆ ಅಂತಲೂ ಬರೆದಿಟ್ಟಿದ್ದೆ. ಕೊನೆಗೆ ಅದರಲ್ಲಿ ನೋಡಿದ್ದು ನಾಲ್ಕೋ ಐದೋ. ಅದೂ ನಾನು ಬರೆದುಕೊಂಡ ರೀತಿಯಲ್ಲಿ ಅಲ್ಲ.

ಪಟ್ಟಿಯಲ್ಲಿ ಬರೆಯದ ಇನ್ನೊಂದು ಕೆಲಸವೂ ಇತ್ತು. ಅಪ್ಪ ಹೋಗಿ ಎರಡು ವರ್ಷ ಆಯಿತು. ಅಮ್ಮ ತಿಪಟೂರಿನ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದವಳು, ಕಳೆದ ವರ್ಷ ರಿಟೈರ್ ಆದಳು. ಆಗಸ್ಟಿನಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಮಂಡಿ ಊದಿಸಿಕೊಂಡು, ಮೂರು ದಿನ ನನಗೆ ಹೇಳಿರಲಿಲ್ಲ. ಪಕ್ಕದ ಮನೆಯವರು ಫೋನ್ ಮಾಡಿದ ಮೇಲೇ ಗೊತ್ತಾಗಿದ್ದು. ಅವತ್ತೇ ತೀರ್ಮಾನ ಮಾಡಿದ್ದೆ: ಮನೆ ಮಾರಿಸಿ ಅಮ್ಮನನ್ನ ಬೆಂಗಳೂರಿಗೆ ಕರ್ಕೊಂಡು ಬಂದುಬಿಡಬೇಕು. ಅವಳನ್ನ ಕೇಳದೇ ಒಬ್ಬ ಬ್ರೋಕರ್ ಹತ್ತಿರ ಮಾತಾಡಿಯೂ ಆಗಿತ್ತು. ಮನೆಯಲ್ಲಿ ಕೂತು ಹೇಳಿದರೆ ಜಗಳ ಆಗುತ್ತೆ, ಬೆಟ್ಟದ ಮೇಲೆ ತಣ್ಣಗೆ ಕೂತು ಹೇಳಿದರೆ ಒಪ್ಪುತ್ತಾಳೆ ಅನ್ನೋದು ನನ್ನ ಲೆಕ್ಕ. ನಿಮ್ಮಲ್ಲೂ ಕೆಲವರು ಇಂಥ ಲೆಕ್ಕ ಹಾಕಿಕೊಂಡೇ ಅಪ್ಪ-ಅಮ್ಮನನ್ನ ಟ್ರಿಪ್ ಕರ್ಕೊಂಡು ಹೋಗಿರ್ತೀರಿ, ನನಗೆ ಗೊತ್ತು.

ಬಸ್ಸೇ ಇರೋದು, ರೈಲಿಲ್ಲ

ಕೊಡಗು ಜಿಲ್ಲೆಗೆ ಇವತ್ತಿಗೂ ರೈಲು ಇಲ್ಲ. ರೈಲಲ್ಲೇ ಬರ್ತೀನಿ ಅನ್ನುವವರು ಮೈಸೂರಿನಲ್ಲೋ ಮಂಗಳೂರಿನಲ್ಲೋ ಇಳಿದು ರಸ್ತೆ ಹಿಡಿಯಬೇಕು. ಮೈಸೂರಿನಿಂದ ಸುಮಾರು 120 ಕಿ.ಮೀ., ಬೆಂಗಳೂರಿನಿಂದ ಸುಮಾರು 260. ನಾವು ನವೆಂಬರ್ ಕೊನೆಯ ವಾರದ ಒಂದು ಗುರುವಾರ ಬೆಳಿಗ್ಗೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಸರ್ಕಾರಿ ಬಸ್ ಹತ್ತಿದೆವು. ರಾತ್ರಿ ಬಸ್ಸಾದರೆ ಒಂದು ದಿನ ಉಳಿಯುತ್ತೆ ನಿಜ. ಆದರೆ ಕತ್ತಲಿನ್ನೂ ಹರಿಯದ ಹೊತ್ತಿಗೆ ಆ ಚಳಿಯಲ್ಲಿ ಇಳಿದು, ರೂಮಿನ ಚೆಕ್‌ಇನ್ ಆಗೋವರೆಗೆ ಬ್ಯಾಗ್ ಹಿಡ್ಕೊಂಡು ಕೂರೋದು ಅರವತ್ತು ದಾಟಿದವರ ಜೊತೆ ಬೇಡ. ಅದೂ ಅಲ್ಲದೆ ಹಗಲಲ್ಲಿ ಹೋದರೆ ದಾರಿ ಬದಲಾಗೋದು ಕಣ್ಣಿಗೆ ಕಾಣುತ್ತೆ. ಪಿರಿಯಾಪಟ್ಟಣದವರೆಗೆ ನಮ್ಮ ಬಯಲುಸೀಮೆಯ ಥರವೇ. ಬೈಲುಕುಪ್ಪೆಯಲ್ಲಿ ಕೆಂಪು ನಿಲುವಂಗಿಯ ಟಿಬೆಟನ್ ಭಿಕ್ಷುಗಳು, ಕುಶಾಲನಗರದಲ್ಲಿ ಕಾವೇರಿ. ಅಲ್ಲಿಂದ ಮುಂದೆ ಬಸ್ಸು ಉಸಿರು ಎಳೆದುಕೊಂಡು ಹತ್ತೋಕೆ ಶುರು ಮಾಡುತ್ತೆ.

ಸುಂಟಿಕೊಪ್ಪ ಬಂದಾಗ ಅಮ್ಮ ಕಿಟಕಿ ಪೂರ್ತಿ ಸರಿಸಿದಳು. "ಇಲ್ಲೇ ಕಣೇ ಎಲ್ಲೋ ಗುಂಡುಗುತ್ತಿ ಎಸ್ಟೇಟು. ಗೌರಮ್ಮ ಇದ್ದದ್ದು" ಅಂದಳು. ಯಾವ ಗೌರಮ್ಮ ಅಂತ ಕೇಳಿದೆ, ಕೇಳಿದ್ದೇ ತಪ್ಪಾಯಿತು. ಕೊಡಗಿನ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕಥೆಗಾರ್ತಿ. ಎಸ್ಟೇಟಿನಲ್ಲಿದ್ದುಕೊಂಡು, 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅನ್ನೋ ಹೆಸರಿನಲ್ಲಿ, ವಿಧವೆಯರ ಪಾಡಿನ ಬಗ್ಗೆ, ಮದುವೆ ಹೆಸರಲ್ಲಿ ಹುಡುಗಿಯರಿಗೆ ಆಗುವ ಅನ್ಯಾಯದ ಬಗ್ಗೆ ಬರೆದವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು, ಅವರು ಬಂದ ಮೇಲೆ ಮೈಮೇಲಿನ ಒಡವೆಗಳನ್ನ ಹರಿಜನ ನಿಧಿಗೆ ಕೊಟ್ಟರಂತೆ. 1939ರಲ್ಲಿ ಈಜಲು ಹೋಗಿ ಹೊಳೆಯಲ್ಲಿ ಮುಳುಗಿಹೋದರು. ವಯಸ್ಸು ಇಪ್ಪತ್ತೇಳು. "ನಿನಗಿಂತ ನಾಲ್ಕು ವರ್ಷ ಚಿಕ್ಕೋಳು" ಅಂತ ಅಮ್ಮ ಸೇರಿಸಿದಳು. 'ಕಂಬನಿ', 'ಚಿಗುರು' ಅಂತ ಎರಡೇ ಸಂಕಲನ ಇರೋದು, ಓದು ಅಂದಳು. ನನ್ನ ಹನ್ನೊಂದು ಜಾಗಗಳ ಪಟ್ಟಿಯಲ್ಲಿ ಸುಂಟಿಕೊಪ್ಪ ಇರಲಿಲ್ಲ.

ರಾಜಾಸೀಟ್‌ಗೆ ಎರಡು ಸಲ ಹೋಗಿ

ಮಧ್ಯಾಹ್ನ ಇಳಿದು, ಊಟ ಮಾಡಿ, ಒಂದು ಗಂಟೆ ಮಲಗಿ ಎದ್ದು ರಾಜಾಸೀಟ್‌ಗೆ ಹೋದೆವು. ಕೊಡಗಿನ ರಾಜರು ಸಂಜೆ ಕೂತು ಸೂರ್ಯ ಮುಳುಗೋದನ್ನ ನೋಡುತ್ತಿದ್ದ ಜಾಗ. ಕಮಾನುಗಳಿರೋ ಪುಟ್ಟ ಮಂಟಪ, ಸುತ್ತ ಹೂದೋಟ, ಮುಂದೆ ಪಾತಾಳಕ್ಕಿಳಿಯುವ ಕಣಿವೆ. ಆ ಸಂಜೆ ಅಲ್ಲಿ ನಮಗೆ ಕಂಡಿದ್ದು ಕಣಿವೆಯಲ್ಲ, ಮೇಲೆತ್ತಿ ಹಿಡಿದ ಫೋನುಗಳು. ಅಮ್ಮ ಒಂದು ಬೆಂಚಿನ ತುದಿ ಸಿಕ್ಕಿತಲ್ಲಾ ಅಂತ ಕೂತಳು. ಸೂರ್ಯ ಮುಳುಗಿದ್ದೇ ಎಲ್ಲರೂ ಸಿನಿಮಾ ಬಿಟ್ಟ ಹಾಗೆ ಎದ್ದು ಹೊರಟರು.

ನಾನು ಹೇಳೋದಿಷ್ಟೇ: ಸಂಜೆ ಬೇಕಾದರೆ ಹೋಗಿ, ಆದರೆ ಬೆಳಿಗ್ಗೆ ಇನ್ನೊಂದು ಸಲ ಹೋಗಿ. ಶನಿವಾರ ಬೆಳಿಗ್ಗೆ ನಾವು ಹಾಗೇ ಮಾಡಿದೆವು. ಅದೇ ಬೆಂಚು, ನಮ್ಮನ್ನ ಬಿಟ್ಟರೆ ವಾಕಿಂಗ್ ಬಂದ ನಾಲ್ಕೈದು ಜನ. ಕಣಿವೆ ತುಂಬ ಹಾಲು ಉಕ್ಕಿ ನಿಂತ ಹಾಗೆ ಮಂಜು. ಅದರೊಳಗಿಂದ ಒಂದೊಂದೇ ಗುಡ್ಡ ತಲೆ ಎತ್ತುತ್ತಿತ್ತು. ದುಡ್ಡು ಕೊಟ್ಟು ಜೀಪಲ್ಲಿ ಹೋಗಿ ನೋಡುವ ನೋಟಕ್ಕೆ ಇದೇನೂ ಕಡಿಮೆ ಇರಲಿಲ್ಲ.

ಜೀಪಿನ ಮಾತು ಬಂತಲ್ಲ. ಮಾಂದಲಪಟ್ಟಿ ನನ್ನ ಪಟ್ಟಿಯಲ್ಲಿ ಮೊದಲನೆಯದು. 'ಗಾಳಿಪಟ' ಸಿನಿಮಾದ ಮುಗಿಲುಪೇಟೆ ಅಂದರೆ ನಿಮಗೆ ತಕ್ಷಣ ಗೊತ್ತಾಗುತ್ತೆ. ಶುಕ್ರವಾರ ನಸುಕಿನಲ್ಲಿ ಹೋಗೋದು ಅಂತ ಜೀಪ್ ಮಾತಾಡಿದ್ದೆ. ರಾತ್ರಿ ಮಳೆ ಹಿಡಿಯಿತು. ಅದ್ಯಾವುದೋ ವಾಯುಭಾರ ಕುಸಿತವಂತೆ. ನಾಲ್ಕು ಗಂಟೆಗೆ ಡ್ರೈವರ್ ಫೋನ್ ಮಾಡಿ, "ಬರ್ತೇನೆ ಮೇಡಂ, ಆದರೆ ಮೇಲೆ ಎಂತದೂ ಕಾಣುದಿಲ್ಲ. ಮತ್ತೆ ನನಗೆ ಬೈಬೇಡಿ" ಅಂದರು. ಅಷ್ಟು ನಿಯತ್ತಿನ ಮನುಷ್ಯ. ಕೊನೆಯ ದಾರಿಯಂತೂ ಎಲುಬು ಅಲುಗಾಡಿಸುವ ಹಾಗಿರುತ್ತೆ, ಸಾಮಾನ್ಯ ಕಾರು ಹೋಗಲ್ಲ. ಬೆನ್ನು, ಮಂಡಿ ನೋವಿರುವವರನ್ನ ಕರ್ಕೊಂಡು ಹೋಗುವ ಜಾಗ ಅಲ್ಲ ಅನ್ನೋದು ನನಗೆ ಆಮೇಲೆ ಗೊತ್ತಾಗಿದ್ದು. ಮಳೆಗೆ ಥ್ಯಾಂಕ್ಸ್ ಹೇಳಬೇಕು.

ಊರೇ ನೋಡೋ ಜಾಗ

ಹಾಗಾಗಿ ಶುಕ್ರವಾರ ಇಡೀ ದಿನ ಊರಲ್ಲೇ ಕಳೆಯಬೇಕಾಯಿತು. ಮಡಿಕೇರಿಗೆ ಬರುವವರಲ್ಲಿ ಬಹಳ ಜನ ಈ ಊರನ್ನ ಮಲಗೋಕೆ ಮಾತ್ರ ಬಳಸ್ತಾರೆ. ಬೆಳಿಗ್ಗೆ ಎದ್ದು ಸುತ್ತಲಿನ ಜಾಗಗಳಿಗೆ ಓಡೋದು, ರಾತ್ರಿ ವಾಪಸ್. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಇದು ಒಂದು ಕಾಲಕ್ಕೆ ರಾಜ್ಯದ ರಾಜಧಾನಿ ಅನ್ನೋದು ಗೊತ್ತೇ ಇರಲಿಲ್ಲ. ರಾಜರ ಕಾಲದ ಮಾತಲ್ಲ ನಾನು ಹೇಳ್ತಿರೋದು. 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯ. ಅದಕ್ಕೆ 24 ಸದಸ್ಯರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ನಮ್ಮ ಒಂದು ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನಷ್ಟು ಜನ ಸೇರಿ ಒಂದು ರಾಜ್ಯ ನಡೆಸಿದ್ದಾರೆ.

ಮೊದಲು ಕೋಟೆ. 17ನೇ ಶತಮಾನದ ಕೊನೆಯಲ್ಲಿ ಹಾಲೇರಿ ವಂಶದ ಮುದ್ದುರಾಜ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಮುದ್ದುರಾಜನ ಕೇರಿಯೇ ಮಡಿಕೇರಿ ಆಯಿತು. ಆಮೇಲೆ ಟಿಪ್ಪು ಸುಲ್ತಾನ್ ಅದನ್ನ ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. ಲಿಂಗರಾಜೇಂದ್ರ ಅರಮನೆಯನ್ನ ಹೊಸದಾಗಿ ಕಟ್ಟಿಸಿದ. 1834ರಲ್ಲಿ ಬ್ರಿಟಿಷರು ಬಂದರು. 1855ರಲ್ಲಿ ಅವರು ಒಳಗಿದ್ದ ವೀರಭದ್ರ ದೇವಸ್ಥಾನ ತೆಗೆದು ಆ ಜಾಗದಲ್ಲಿ ಚರ್ಚ್ ಕಟ್ಟಿದರು, 1933ರಲ್ಲಿ ಅರಮನೆಗೆ ಗಡಿಯಾರದ ಗೋಪುರ ಸೇರಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಅರಮನೆಯಲ್ಲಿ ಬಹಳ ವರ್ಷ ಸರ್ಕಾರಿ ಕಚೇರಿಗಳಿದ್ದವು. ಚರ್ಚ್ ಈಗ ಪುರಾತತ್ವ ಇಲಾಖೆಯ ಮ್ಯೂಸಿಯಂ: ವೀರಗಲ್ಲುಗಳು, ಜೈನ ವಿಗ್ರಹಗಳು, ಹಳೆಯ ಆಯುಧಗಳು. ಅಂದರೆ ಒಂದೇ ಅಂಗಳದಲ್ಲಿ ನಿಂತು ತಿರುಗಿದರೆ ಮುನ್ನೂರು ವರ್ಷದಲ್ಲಿ ಯಾರ್‍ಯಾರು ಈ ಊರನ್ನ ನಮ್ಮದು ಅಂದರೋ ಎಲ್ಲರ ಗುರುತೂ ಸಿಗುತ್ತೆ. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಗಲ್ಲಿಗೇರಿಸಿದ್ದೂ ಈ ಕೋಟೆಯಲ್ಲೇ.

ಅಂಗಳದ ಮೂಲೆಯಲ್ಲಿ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ಎತ್ತರ. ಮಳೆಯಲ್ಲಿ ನೆನೆದು ಥೇಟ್ ಜೀವಂತ ಆನೆಗಳ ಹಾಗೆ ಕಾಣುತ್ತಿದ್ದವು. ಅಮ್ಮ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ಅಪ್ಪ ಹೋದ ಮೇಲೆ ಅವಳು ತಾನಾಗಿ "ಒಂದು ಫೋಟೋ ತೆಗಿಯೇ" ಅಂದಿದ್ದು ಇದೇ ಮೊದಲು. ಕೋಟೆ ಗಣಪತಿಗೆ ಒಂದು ಈಡುಗಾಯಿ ಒಡೆದಳು. ಕಾಯಿಯ ರೇಟು ಕೇಳಿ, "ನಮ್ಮ ಹಿತ್ತಲಿಂದ ನಾಲ್ಕು ತಂದಿದ್ರೆ ಆಗ್ತಿತ್ತು" ಅಂತ ಗೊಣಗಿದ್ದೂ ಆಯಿತು. ತಿಪಟೂರಿನವರು ತೆಂಗಿನಕಾಯಿಯನ್ನ ದುಡ್ಡು ಕೊಟ್ಟು ತಗೊಳ್ಳೋದು ಅಂದರೆ ಮರ್ಯಾದೆ ಪ್ರಶ್ನೆ.

ಅಲ್ಲಿಂದ ಓಂಕಾರೇಶ್ವರ ದೇವಸ್ಥಾನ. ಇಳಿಜಾರಾದ್ದರಿಂದ ಆಟೋ ಹಿಡಿಯಿರಿ, ಹತ್ತುವಾಗಂತೂ ಹಿಡಿಯಲೇಬೇಕು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ದೂರದಿಂದ ನೋಡಿದರೆ ಮಸೀದಿ ಅನಿಸುತ್ತೆ: ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಗೋಪುರಗಳು. ಹತ್ತಿರ ಹೋದರೆ ಹೆಂಚಿನ ಮಾಡಿನ ಹೊರಾಂಗಣ ಕೇರಳದ ಥರ. ಮುಂದೆ ಕಲ್ಯಾಣಿ, ಅದರ ನಡುವೆ ಪುಟ್ಟ ಮಂಟಪ, ಅಲ್ಲಿಗೆ ನಡೆಯೋಕೆ ಕಿರುದಾರಿ. ರಾಜ ಒಬ್ಬ ಬ್ರಾಹ್ಮಣನನ್ನ ಕೊಲ್ಲಿಸಿದ, ಆತ ಬ್ರಹ್ಮರಾಕ್ಷಸನಾಗಿ ಕಾಡಿದ, ಪರಿಹಾರಕ್ಕೆ ಕಾಶಿಯಿಂದ ಲಿಂಗ ತರಿಸಿ ಪ್ರತಿಷ್ಠೆ ಮಾಡಿಸಿದ ಅನ್ನೋ ಕಥೆ ಇದೆ. ಕೆರೆಯ ಮೀನಿಗೆ ಪುರಿ ಹಾಕುತ್ತಾ ಅಮ್ಮ ಮುಕ್ಕಾಲು ಗಂಟೆ ಕೂತಳು. ಮನೆ ವಿಷಯ ಎತ್ತೋಕೆ ಇದೇ ಸರಿಯಾದ ಹೊತ್ತು ಅಂದುಕೊಂಡೆ. "ಅಮ್ಮ, ಒಂದು ವಿಷಯ..." ಅಂದೆ. "ಮೀನು ನೋಡೇ, ಆ ಕರೀದು ಎಲ್ಲರದ್ದೂ ತಾನೇ ತಿಂತಿದೆ" ಅಂದಳು. ಅಲ್ಲಿಗೆ ಬಿಟ್ಟೆ.

ಸಂತೆ, ಮತ್ತೆ ಗದ್ದಿಗೆ

ಮಡಿಕೇರಿಯಲ್ಲಿ ಸಂತೆ ಶುಕ್ರವಾರ. ನಿಮ್ಮ ಟ್ರಿಪ್‌ನಲ್ಲಿ ಒಂದು ಶುಕ್ರವಾರ ಬರುವ ಹಾಗಿದ್ದರೆ ತಪ್ಪಿಸಬೇಡಿ. 'ಕೂರ್ಗ್ ಸ್ಪೆಷಲ್' ಅಂತ ಬೋರ್ಡು ಹಾಕಿದ ಅಂಗಡಿಗಳಲ್ಲಿ ಚಾಕೊಲೇಟು, ವೈನು, ಜೇನು ಸಾಲಾಗಿ ಇರುತ್ತೆ, ಅದು ನಮಗೋಸ್ಕರ. ಸಂತೆ ಊರಿನವರಿಗೋಸ್ಕರ. ಹಳ್ಳಿಗಳಿಂದ ಬಂದ ಸೊಪ್ಪು, ಗೆಣಸು, ಕರಿಮೆಣಸು, ಒಣಮೀನು, ಪ್ಲಾಸ್ಟಿಕ್ ಬಕೆಟ್ಟು, ರೈನ್‌ಕೋಟು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಎಲ್ಲವೂ ಒಂದೇ ಸಾಲಿನಲ್ಲಿ ಕಿವಿಗೆ ಬೀಳುತ್ತೆ. ಕನ್ನಡ ಟೀಚರಿಗೆ ಇದಕ್ಕಿಂತ ಹಬ್ಬ ಬೇಕಾ? ಪ್ರತಿ ಅಂಗಡಿಯಲ್ಲೂ "ಇದಕ್ಕೆ ನಿಮ್ಮ ಭಾಷೆಯಲ್ಲಿ ಏನಂತೀರಿ" ಅಂತ ಕೇಳಿ ಕೇಳಿ, ನನ್ನ ಕೈಯಲ್ಲಿ ಕೊನೆಗೆ ನಾಲ್ಕು ಚೀಲ.

ಅಮ್ಮ ತಗೊಂಡಿದ್ದರಲ್ಲಿ ಮುಖ್ಯವಾದದ್ದು ಒಂದು ಬಾಟಲಿ ಕಾಚಂಪುಳಿ. ಒಂದು ಜಾತಿಯ ಪುನರ್ಪುಳಿಯಂಥ ಹಣ್ಣಿನ ರಸವನ್ನ ಕುದಿಸಿ ಕುದಿಸಿ ಕಪ್ಪಗೆ, ಗಟ್ಟಿಯಾಗಿ ಇಳಿಸಿದ ಹುಳಿ. ಪಂದಿ ಕರಿಗೆ ಆ ಕಪ್ಪು ಬಣ್ಣ, ಆ ಹುಳಿ ಬರೋದು ಇದರಿಂದಲೇ. ಅಮ್ಮ ಮಾಂಸ ತಿನ್ನಲ್ಲ. ನಾನು ತಿಂತೀನಿ ಅನ್ನೋದು ಅವಳಿಗೆ ಗೊತ್ತಿದ್ದೂ ಗೊತ್ತಿಲ್ಲದ ವಿಷಯ. ಮಾಂಸ ತಿನ್ನದವರಿಗೆ ಕೊಡಗಲ್ಲಿ ಏನೂ ಇಲ್ಲ ಅನ್ನೋ ಮಾತು ಮಾತ್ರ ಸುಳ್ಳು. ಅಕ್ಕಿತರಿಯ ಬಿಸಿ ಕಡಂಬುಟ್ಟು, ಮೇಲೆ ತುಪ್ಪ, ಜೇನು. ಶಾವಿಗೆಯ ಹಾಗೆ ಒತ್ತಿದ ನೂಪುಟ್ಟು. ಮಳೆಗಾಲದಲ್ಲಿ ಬಂದರೆ ಎಳೆ ಬಿದಿರಿನ ಬೈಂಬಳೆ, ಅಣಬೆ. ಹೋಟೆಲುಗಳಲ್ಲಿ ಇವೆಲ್ಲ ಯಾವಾಗಲೂ ಸಿಗಲ್ಲ. ಉಳಿದುಕೊಳ್ಳುವ ಮನೆಯಲ್ಲಿ ಹಿಂದಿನ ದಿನವೇ ಹೇಳಿಡಿ. ಜೊತೆಗೆ ಹಾಲಿಲ್ಲದ ಬೆಲ್ಲದ ಕಾಫಿ ಕೇಳಿ. ಬೆಂಗಳೂರಲ್ಲಿ ಮುನ್ನೂರು ರೂಪಾಯಿ ಕೊಟ್ಟು ಕುಡಿಯುವ ಕಾಫಿಯ ಮೇಲೆ ಬೇಜಾರು ಬಂದುಬಿಡುತ್ತೆ, ಅದಕ್ಕೆ ನಾನು ಜವಾಬ್ದಾರಳಲ್ಲ.

ಮಹದೇವಪೇಟೆಯ ತುದಿಯಲ್ಲಿ ಗದ್ದಿಗೆ. ಮಳೆ ನಿಂತಿತ್ತು. ನನಗೆ ಈ ಊರಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಜಾಗ ಇದು. ಎತ್ತರದ ಬಯಲಿನಲ್ಲಿ ಅಕ್ಕಪಕ್ಕ ಎರಡು ದೊಡ್ಡ ಸಮಾಧಿ ಭವನಗಳು. ಗುಮ್ಮಟ, ಮಿನಾರಿನಂಥ ಗೋಪುರಗಳು, ಮೂಲೆಗಳಲ್ಲಿ ನಂದಿ. ಒಂದರಲ್ಲಿ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ, ಇನ್ನೊಂದರಲ್ಲಿ ಲಿಂಗರಾಜೇಂದ್ರ. ಟಿಪ್ಪು ಸೈನ್ಯದ ಎದುರು ಹೋರಾಡಿದ ಬಿದ್ದಂಡ ಬೋಪು ಅವರದ್ದೂ, ಅವರ ಮಗ ಸೋಮಯ್ಯನವರದ್ದೂ ಸಮಾಧಿಗಳು ಪಕ್ಕದಲ್ಲೇ ಇವೆ. ಅವತ್ತು ನಾವಿಬ್ಬರೇ. ಹುಲ್ಲಿನ ಮೇಲೆ ಇಬ್ಬರು ಹುಡುಗರು ಪುಸ್ತಕ ಬಿಡಿಸಿಟ್ಟು ಫೋನ್ ನೋಡುತ್ತಿದ್ದರು.

"ಕೊನೇ ರಾಜ ಎಲ್ಲಿ?" ಅಂತ ನಾನೇ ಕೇಳಿದೆ. ಚಿಕ್ಕವೀರರಾಜೇಂದ್ರ ಇಲ್ಲಿಲ್ಲ. ಮಾಸ್ತಿಯವರಿಗೆ 1983ರಲ್ಲಿ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಅವನದ್ದೇ. ಬ್ರಿಟಿಷರು 1834ರಲ್ಲಿ ಅವನನ್ನ ಇಳಿಸಿ ಕಾಶಿಗೆ ಕಳಿಸಿದರು. ಅಲ್ಲಿಂದ 1852ರಲ್ಲಿ ಮಗಳು ಗೌರಮ್ಮನನ್ನ ಕರ್ಕೊಂಡು ಇಂಗ್ಲೆಂಡಿಗೆ ಹೋದ, ಕಂಪನಿಯಿಂದ ತನ್ನ ಆಸ್ತಿ ವಾಪಸ್ ಪಡೆಯೋಕೆ. ಮಗಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದರು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ಹೆಸರು ವಿಕ್ಟೋರಿಯಾ ಗೌರಮ್ಮ. ರಾಜ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಅಲ್ಲೇ ಮಣ್ಣಾದ. ಮಗಳು 1864ರಲ್ಲಿ ಹೋದಳು, ಅವಳಿಗೂ ಇಪ್ಪತ್ತೆರಡು ಇಪ್ಪತ್ಮೂರೇ ವಯಸ್ಸು. ಇಬ್ಬರೂ ಕೊಡಗಿಗೆ ವಾಪಸ್ ಬರಲಿಲ್ಲ.

"ನೋಡು, ಎರಡು ಗೌರಮ್ಮ" ಅಂದಳು ಅಮ್ಮ. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಹುಲ್ಲು ಒದ್ದೆ ಇತ್ತು, ಅವಳ ಶಾಲು ಹಾಸಿಕೊಂಡು ಇಬ್ಬರೂ ಕೂತಿದ್ದೆವು. ಆಮೇಲೆ ಅವಳೇ ಕೇಳಿದಳು, "ಬ್ರೋಕರ್ ಎಷ್ಟು ಹೇಳಿದಾನೆ?"

ಅವಳಿಗೆ ಗೊತ್ತಿತ್ತು. ಮನೆ ನೋಡೋಕೆ ಆ ಮನುಷ್ಯ ನನಗೆ ಹೇಳದೇ ಹೋಗಿದ್ದನಂತೆ. ಗೇಟಿನಾಚೆ ನಿಂತು ತೆಂಗಿನಮರ ಎಣಿಸಿದನಂತೆ. ನನಗೆ ಮುಖ ಎತ್ತೋಕೆ ಆಗಲಿಲ್ಲ. ರೇಟು ಹೇಳಿದೆ. ಬಿದ್ದಿದ್ದು, ಮಂಡಿ, ನನಗೆ ರಾತ್ರಿ ನಿದ್ದೆ ಬರದೇ ಇರೋದು, ಎಲ್ಲ ಹೇಳಿದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. "ಕಡಿಮೆ ಹೇಳಿದಾನೆ" ಅಂದಳು ಅಷ್ಟೇ.

ಮಕ್ಕಂದೂರಿನ ದಾರಿ

ನಾವು ಉಳಿದುಕೊಂಡಿದ್ದು ಹೋಟೆಲಲ್ಲ, ಊರಿನೊಳಗಿನ ಒಂದು ಹೋಮ್‌ಸ್ಟೇ. ಎರಡೇ ರೂಮು. ಬುಕ್ ಮಾಡುವಾಗ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ ಅಂತ ಕೇಳಿ, ಸಂಕೋಚ ಬೇಡ. ಮೆಟ್ಟಿಲು ಎಷ್ಟಿವೆ ಅಂತಲೂ ಕೇಳಿ. ಮಡಿಕೇರಿಯಲ್ಲಿ 'ಗ್ರೌಂಡ್ ಫ್ಲೋರ್' ಅಂದರೆ ರಸ್ತೆಯಿಂದ ನಲವತ್ತು ಮೆಟ್ಟಿಲು ಕೆಳಗೂ ಇರಬಹುದು!

ಆ ಮನೆಯ ಆಂಟಿ ಅಮ್ಮನನ್ನ ಮೊದಲ ದಿನದಿಂದಲೇ "ಟೀಚರ್" ಅಂತಲೇ ಕರೆದರು. ಇಬ್ಬರಿಗೂ ಒಂದೇ ವಯಸ್ಸು. ಶನಿವಾರ ರಾಜಾಸೀಟ್‌ನಿಂದ ಬಂದು ತಿಂಡಿ ತಿನ್ನುವಾಗ, "ನಮ್ಮ ಜಾಗ ನೋಡಿಕೊಂಡು ಬರುವ, ಬನ್ನಿ" ಅಂದರು. ಅವರ ಮಗನ ಜೀಪಿನಲ್ಲಿ ಹೊರಟೆವು. ಮಕ್ಕಂದೂರಿನ ಕಡೆ. ಮಾಂದಲಪಟ್ಟಿಗೆ ಹೋಗುವ ದಾರಿಗಳಲ್ಲಿ ಇದೂ ಒಂದು. ನಮ್ಮ ಎದುರಿಗೆ ನೆನೆದ ಹುಡುಗರನ್ನ ತುಂಬಿಕೊಂಡ ಜೀಪುಗಳು ಇಳಿದುಬರುತ್ತಿದ್ದವು.

2018ರ ಆಗಸ್ಟ್ ನಿಮಗೆ ನೆನಪಿರಬಹುದು. ವಾರಗಟ್ಟಲೆ ಬಿಡದೇ ಹುಯ್ದ ಮಳೆಗೆ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಸುತ್ತ ಗುಡ್ಡಗಳೇ ಜಾರಿ ಬಂದವು. ಮಂಗಳೂರು ರಸ್ತೆ ತಿಂಗಳುಗಟ್ಟಲೆ ಕಡಿದುಹೋಯಿತು, ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ಉಳಿದರು. ಆಮೇಲೆ ಸರ್ಕಾರ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಮನೆಗಳನ್ನ ಕಟ್ಟಿಕೊಟ್ಟಿತು. ಮಳೆ ಒಂದೇ ಕಾರಣ ಅಲ್ಲ, ರಸ್ತೆಗೆ, ಕಟ್ಟಡಕ್ಕೆ ಅಂತ ಗುಡ್ಡದ ಬುಡ ಕಡಿದದ್ದೂ ಕಾರಣ ಅನ್ನೋ ಮಾತು ಅವತ್ತಿಂದ ಇವತ್ತಿನವರೆಗೂ ಇದೆ. ನಾವು ಅವಾಗ ವಾಟ್ಸಾಪಿನಲ್ಲಿ ಒಂದು ವಿಡಿಯೋ ಫಾರ್ವರ್ಡ್ ಮಾಡಿ, ಒಂದಿಷ್ಟು ದುಡ್ಡು ಕಳಿಸಿ, ಮುಂದಿನ ವರ್ಷದ ಟ್ರಿಪ್ ಚಿಕ್ಕಮಗಳೂರಿಗೆ ಬದಲಾಯಿಸಿದ್ದೆವು.

ಆಂಟಿ ಜೀಪು ನಿಲ್ಲಿಸಿ ತೋರಿಸಿದ್ದು ಒಂದು ಹಸಿರು ಇಳಿಜಾರು. ನೋಡಿದರೆ ಏನೂ ಗೊತ್ತಾಗಲ್ಲ. ಕುರುಚಲು ಗಿಡ, ಹುಲ್ಲು. "ಇದು ಪೂರ್ತಿ ಕಾಫಿ ಇತ್ತು. ಎರಡು ಎಕರೆ ಚಿಲ್ಲರೆ. ಮನೆ ಆ ಕಡೆ, ಅದು ಬೀಳಲಿಲ್ಲ. ಗೋಡೆ ಬಿರುಕು ಬಿಟ್ಟು ಇರ್‍ಲಿಕ್ಕೆ ಆಗುದಿಲ್ಲ" ಅಂದರು. ಹೇಳುವಾಗ ದನಿ ಸ್ವಲ್ಪವೂ ಬದಲಾಗಲಿಲ್ಲ. ಕೆಳಗೆ ಒಂದು ತುಂಡು ಗದ್ದೆ ಉಳಿದಿದೆ. ಬತ್ತ ಹಣ್ಣಾಗಿ ನಿಂತಿತ್ತು. ಪುತ್ತರಿ ಹತ್ತಿರ ಬಂದಿತ್ತು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ, ಗಳಿಗೆ ನೋಡಿ ಹೇಳ್ತಾರೆ. ಆ ರಾತ್ರಿ ಗದ್ದೆಗೆ ಹೋಗಿ, ಕೋವಿ ಹಾರಿಸಿ, "ಪೊಲಿ ಪೊಲಿ ದೇವಾ" ಅಂತ ಕೂಗಿ ಮೊದಲ ಕದಿರು ಕೊಯ್ದು ಮನೆಗೆ ತರೋದು. "ಈ ತುಂಡು ಉಂಟಲ್ಲ, ಇದು ಕದಿರು ತರ್‍ಲಿಕ್ಕೆ ಸಾಕು" ಅಂದರು.

ಅಮ್ಮ ಕೇಳಿದಳು, "ಇಷ್ಟೆಲ್ಲ ಆದಮೇಲೂ ಬೇರೆ ಊರಿಗೆ ಹೋಗೋಣ ಅನಿಸಲಿಲ್ವಾ ನಿಮಗೆ?"

"ಹೋಗಿದ್ದೆ ಟೀಚರ್. ಮೈಸೂರಲ್ಲಿ ಮಗಳ ಮನೆ. ಆರು ತಿಂಗಳು ಇದ್ದೆ. ಅವಳು ಒಳ್ಳೆದಾಗಿ ನೋಡಿಕೊಂಡಳು, ಅಳಿಯನೂ ಒಳ್ಳೆಯವ. ಬೆಳಿಗ್ಗೆ ಅವರು ಆಫೀಸಿಗೆ ಹೋದ ಮೇಲೆ ಮಧ್ಯಾಹ್ನ ಎಂತ ಮಾಡುದು ಗೊತ್ತಾಗ್ತಿರಲಿಲ್ಲ. ಟಿವಿ ಎಷ್ಟು ನೋಡುದು?"

ಅಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಿರುಗಿ ನೋಡಿದ್ದರೇ ವಾಸಿ ಇತ್ತು.

ಒಂದು ಮಾತು ಹೇಳಬೇಕು. ಈ ಕಡೆ ಬಂದಾಗ ಇಳಿಜಾರಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ ಹಾಡು ಹಾಕಿ ಕುಣಿಯುವವರನ್ನ ಆ ದಿನ ಎರಡು ಕಡೆ ನೋಡಿದೆವು. ಆಂಟಿಯ ಮಗ ಏನೂ ಅನ್ನದೆ ಹಾರ್ನ್ ಮಾಡಿ ಮುಂದೆ ಹೋದ. ಪ್ರವಾಸಿಗಳು ಬೇಡ ಅನ್ನುವವರಲ್ಲ ಇವರು, ಆ ಎರಡು ರೂಮಿನಿಂದಲೇ ಈಗ ಮನೆ ನಡೆಯೋದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ಆಸೆ ಇದ್ದರೆ ಹವಾಮಾನದ ಎಚ್ಚರಿಕೆ ನೋಡಿ, ಉಳಿಯುವ ಮನೆಯವರಿಗೆ ಫೋನ್ ಮಾಡಿ ಕೇಳಿ ಬನ್ನಿ. ಅವರು "ಈಗ ಬೇಡ" ಅಂದರೆ ಕ್ಯಾನ್ಸಲ್ ಮಾಡಿ, ವಾದ ಮಾಡಬೇಡಿ.

ಉಳಿದದ್ದು ಬೇಗ ಹೇಳ್ತೀನಿ

ವಾಪಸ್ ಬರುವಾಗ ಅಬ್ಬಿ ಜಲಪಾತದ ಹತ್ತಿರ ನಿಲ್ಲಿಸಿದರು. ಮಳೆಗೆ ನೀರು ಚೆನ್ನಾಗಿತ್ತು. ಇಳಿಯೋದು ಸುಲಭ, ಹತ್ತೋದು ಮಂಡಿಗೆ ಕಷ್ಟ. ಅಮ್ಮ ಮೇಲೆಯೇ ಕಾಫಿ ಕುಡಿಯುತ್ತಾ ಕೂತಳು, ನಾನು ಹತ್ತು ನಿಮಿಷದಲ್ಲಿ ಇಳಿದು ಹತ್ತಿ ಬಂದೆ. ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ ಆಗಿದೆ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ನೇತೃತ್ವದಲ್ಲಿದ್ದಾಗಲೇ ತೀರಿಕೊಂಡವರು. ಮಕ್ಕಳಿದ್ದರೆ ಇಲ್ಲಿಗೆ ಹೋಗಲೇಬೇಕು, ಅಂಗಳದಲ್ಲಿ ಯುದ್ಧ ಟ್ಯಾಂಕ್ ಇದೆ. ಮಡಿಕೇರಿ ದಸರಾ ನಾನಿನ್ನೂ ನೋಡಿಲ್ಲ. ನಾಲ್ಕು ಕರಗ, ಹತ್ತು ದೇವಸ್ಥಾನಗಳ ದಶಮಂಟಪ, ವಿಜಯದಶಮಿಯ ರಾತ್ರಿ ಬೆಳಗಾಗುವವರೆಗೆ ಮೆರವಣಿಗೆ. ಮೈಸೂರಿನ ಜಂಬೂಸವಾರಿ ಸಂಜೆ ನೋಡಿ, ರಾತ್ರಿ ಇಲ್ಲಿಗೆ ಬರುವವರೂ ಇದ್ದಾರೆ. ದುಬಾರೆ, ತಲಕಾವೇರಿ ಬೇರೆ ಟ್ರಿಪ್‌ಗೆ ಇಡಿ. ಎರಡು ದಿನಕ್ಕೆ ಎಲ್ಲವನ್ನೂ ತುರುಕಿದರೆ ನೆನಪಿರೋದು ಘಾಟಿಯ ತಿರುವು ಮಾತ್ರ.

ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿದೆವು. ಕುಶಾಲನಗರ ದಾಟಿದ ಮೇಲೆ ಅಮ್ಮ ತನ್ನ ಲೆಕ್ಕ ಹೇಳಿದಳು. ಮನೆ ಮಾರಲ್ಲ. ಬಚ್ಚಲಿಗೆ ಜಾರದ ಟೈಲ್ಸು, ಹಿಡಿಯೋಕೆ ಕಂಬಿ ಹಾಕಿಸ್ತಾಳೆ. ಹಿಂದಿನ ಎರಡು ರೂಮು ಕಾಲೇಜಿನ ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಡ್ತಾಳೆ, ರಾತ್ರಿ ಮನೆಯಲ್ಲಿ ಜನ ಇದ್ದಹಾಗಾಯಿತು. ಬಿದ್ದರೆ ಅವತ್ತೇ ಫೋನ್ ಮಾಡ್ತಾಳೆ. "ಬೇಸಿಗೆಯಲ್ಲಿ ಎರಡು ತಿಂಗಳು ನಿನ್ನ ಮನೆಗೆ ಬರ್ತೀನಿ. ಉಳಿದ ದಿನ ನೀನು ಬಾ. ನಿನ್ನ ಲ್ಯಾಪ್‌ಟಾಪು ತಿಪಟೂರಲ್ಲಿ ಕೆಲಸ ಮಾಡಲ್ವಾ?"

"ಮಾಡುತ್ತೆ" ಅಂದೆ. ನನ್ನ ಭಯ ಪೂರ್ತಿ ಹೋಗಿದೆ ಅಂತ ಹೇಳೋದಿಲ್ಲ. ರಾತ್ರಿ ಒಂಬತ್ತಕ್ಕೆ ಅವಳ ಫೋನ್ ಎಂಗೇಜ್ ಬಂದರೆ ಈಗಲೂ ಎದೆ ಹೊಡ್ಕೊಳ್ಳುತ್ತೆ. ಬಾಡಿಗೆಗೆ ಇಬ್ಬರು ಹುಡುಗಿಯರು ಬಂದಿದ್ದಾರೆ, ಒಬ್ಬಳಿಗೆ ಅಮ್ಮ ಸಂಜೆ ಕನ್ನಡ ಹೇಳಿಕೊಡ್ತಾಳಂತೆ. ಬ್ರೋಕರ್‌ಗೆ ಬೇಡ ಅಂತ ಮೆಸೇಜ್ ಹಾಕಿದೆ. ಅವನು ಇನ್ನೂ ಪ್ರತಿ ಹಬ್ಬಕ್ಕೆ ಶುಭಾಶಯ ಕಳಿಸ್ತಾನೆ.

ಮಾರ್ಚ್‌ನಲ್ಲಿ ಮೊದಲ ಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ಕಾಫಿ ಹೂವಾಗುತ್ತೆ, ಇಡೀ ಗುಡ್ಡ ಮಲ್ಲಿಗೆ ಘಮ್ಮೆನ್ನುತ್ತೆ ಅಂತ ಆಂಟಿ ಹೇಳಿದ್ದರು. ಮಳೆ ಬಿದ್ದ ದಿನ ಅವರೇ ಅಮ್ಮನಿಗೆ ಫೋನ್ ಮಾಡಬೇಕು, ನಾವು ಹೊರಡಬೇಕು ಅಂತ ಮಾತಾಗಿದೆ. ಗೌರಮ್ಮನ ಕಥೆಗಳನ್ನ ಅಷ್ಟರೊಳಗೆ ಓದಿ ಮುಗಿಸಬೇಕಂತೆ, ಇಲ್ಲದಿದ್ದರೆ ಸುಂಟಿಕೊಪ್ಪದಲ್ಲಿ ಇಳಿಸಿಬಿಡ್ತಾಳಂತೆ. ಕಾಚಂಪುಳಿಯನ್ನ ಅಮ್ಮ ಬೇಳೆಸಾರಿಗೆ ಹುಣಸೆ ಬದಲು ಹಾಕಿ ನೋಡಿದಳು. ಚೆನ್ನಾಗಿರಲಿಲ್ಲ. ಬಾಟಲಿ ಈಗ ನನ್ನ ಅಡುಗೆಮನೆಯಲ್ಲಿದೆ, ಅದನ್ನ ನಾನು ಯಾವುದಕ್ಕೆ ಬಳಸ್ತೀನಿ ಅಂತ ಅವಳು ಕೇಳಿಲ್ಲ.